ತಾರೀಖಿಲ್ಲದ ಆಫರ್ ಲೆಟರ್: ಬೆಳಗಾವಿಯ ಒಂದು ಪ್ರಕರಣ

2025ರ ಆಗಸ್ಟ್ ಮೊದಲ ವಾರ. ಹೊರಗೆ ಬೆಳಗಾವಿಯ ಜಡಿಮಳೆ. ನನ್ನ ಕೋಣೆಯಲ್ಲಿ ತಂದೆ, ಮಗಳು ಕುಳಿತಿದ್ದರು. ತಂದೆ ಮೂಡಲಗಿ ಕಡೆಯ ರೈತ. ಮೂರು ಎಕರೆ ಕಬ್ಬು. ಮಗಳು ಹದಿನೈದು ದಿನಗಳ ಹಿಂದಷ್ಟೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವಳು, ನನ್ನ ವಿದ್ಯಾರ್ಥಿನಿ. ತಂದೆ ಪ್ಲಾಸ್ಟಿಕ್ ಚೀಲದೊಳಗಿನಿಂದ ನಾಲ್ಕು ಕಾಗದ ತೆಗೆದು, ನೀರು ತಗುಲಿದೆಯೇ ಎಂದು ನೋಡಿ, ಮೇಜಿನ ಮೇಲೆ ಸಾಲಾಗಿ ಇಟ್ಟರು. “ಇವುಗಳಲ್ಲಿ ಯಾವುದು ಸರ್? ಶುಕ್ರವಾರದೊಳಗೆ ಹೇಳಬೇಕಂತೆ” ಎಂದರು.

ನಾನು ಮೂಲತಃ ಪಾಠ ಮಾಡುವವನು. ಏಳು ವರ್ಷಗಳಿಂದ ಪ್ಲೇಸ್‌ಮೆಂಟ್ ಸಂಯೋಜಕನೆಂಬ ಇನ್ನೊಂದು ಹೊರೆಯೂ ಹೆಗಲ ಮೇಲಿದೆ. ಈ ಪ್ರಕರಣವನ್ನು ಬರೆದಿಡುವುದಕ್ಕೆ ಕಾರಣ ಅದು ಅಪರೂಪದ್ದೆಂದಲ್ಲ. ನಾನು ಕೊಟ್ಟ ಸಲಹೆಯನ್ನು ಆ ಹುಡುಗಿ ಎರಡು ಸಲ ತೆಗೆದುಹಾಕಿದಳು, ಮತ್ತು ಎರಡು ಸಲವೂ ಅವಳ ಕಾರಣ ನನ್ನ ಕಾರಣಕ್ಕಿಂತ ಗಟ್ಟಿಯಾಗಿತ್ತು. ಯಾರದೂ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಾಲ್ಕು ಕಾಗದ

ಮೊದಲನೆಯದು ದೊಡ್ಡ ಐಟಿ ಸೇವಾ ಕಂಪನಿಯೊಂದರ ಆಫರ್ ಲೆಟರ್. 2024ರ ಸೆಪ್ಟೆಂಬರ್‌ನಲ್ಲಿ, ಅವಳು ಏಳನೆಯ ಸೆಮಿಸ್ಟರ್‌ನಲ್ಲಿದ್ದಾಗ, ಕ್ಯಾಂಪಸ್ಸಿನಲ್ಲಿಯೇ ಸಿಕ್ಕಿದ್ದು. ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ. ಊರಲ್ಲಿ ಆಗಲೇ ಪೇಢೆ ಹಂಚಿಯಾಗಿತ್ತು. ಹುದ್ದೆಯ ಹೆಸರು, ಸಂಬಳದ ವಿವರ, ಎರಡು ವರ್ಷ ಬಿಡುವಂತಿಲ್ಲ ಎಂಬ ಒಪ್ಪಂದ, ಎಲ್ಲವೂ ಅದರಲ್ಲಿದ್ದವು. ಕೆಲಸಕ್ಕೆ ಹಾಜರಾಗುವ ತಾರೀಖು ಮಾತ್ರ ಇರಲಿಲ್ಲ. “ಮುಂದೆ ತಿಳಿಸಲಾಗುವುದು” ಎಂದಿತ್ತು. ಹನ್ನೊಂದು ತಿಂಗಳಾದರೂ ತಿಳಿಸಿರಲಿಲ್ಲ.

ಎರಡನೆಯದು ಉದ್ಯಮಬಾಗ್‌ನ ಒಂದು ಫೌಂಡ್ರಿಯದು, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯದು. ಟ್ರೇನಿ ಎಂಜಿನಿಯರ್, ತಿಂಗಳಿಗೆ 16,000 ರೂಪಾಯಿ. ಅವಳು ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿದ ಜಾಗವೇ.

ಮೂರನೆಯದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಂಕೇಶ್ವರದ ಕಡೆ ಹೋಗುವಾಗ ಸಿಗುವ ಹತ್ತರಗಿಯ ವಿಮಾನ ಬಿಡಿಭಾಗಗಳ ವಲಯದಿಂದ ಬಂದದ್ದು. ಒಂದು ವರ್ಷದ ಅಪ್ರೆಂಟಿಸ್, ಗುಣಮಟ್ಟ ವಿಭಾಗ, ತಿಂಗಳಿಗೆ 12,000. ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ 9,000 ರೂಪಾಯಿ ಕೊಡಬೇಕೆಂದು ಆಗ 2019ರ ನಿಯಮವಿತ್ತು. ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು. ಇವರು ಮೂರು ಸಾವಿರ ಹೆಚ್ಚು ಕೊಡುತ್ತಿದ್ದರು.

ನಾಲ್ಕನೆಯದು ಕೆಲಸದ ಕಾಗದವೇ ಅಲ್ಲ. ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯ ಬಣ್ಣದ ಹಾಳೆ. ಆರು ತಿಂಗಳ ಸಾಫ್ಟ್‌ವೇರ್ ಕೋರ್ಸ್, ಶುಲ್ಕ 85,000, ಮೇಲೆ ದಪ್ಪ ಅಕ್ಷರದಲ್ಲಿ “ಉದ್ಯೋಗ ಖಾತರಿ”. ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಅಲ್ಲಿ “ಖಾತರಿ” ಎಂಬುದು “ನೆರವು” ಆಗಿತ್ತು. ಆ ಹಾಳೆಯನ್ನು ಮಡಚಿ ತಂದೆಯ ಕೈಗೆ ವಾಪಸು ಕೊಟ್ಟೆ. ಅದರ ಬಗ್ಗೆ ಮತ್ತೆ ಮಾತು ಬರಲಿಲ್ಲ.

ಕಾಗದದಲ್ಲಿಲ್ಲದ ಐದನೆಯ ದಾರಿಯೂ ಇತ್ತು. ಹುಡುಗಿಯ ಚಿಕ್ಕಪ್ಪ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದುಕೊಡುವುದಾಗಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಿಸುವುದಾಗಿ ಹೇಳಿದ್ದರು. ಈ ಭಾಗದಲ್ಲಿ ಡಿಗ್ರಿ ಮುಗಿದ ಮನೆಮನೆಯಲ್ಲೂ ಈ ಮಾತು ಬರುತ್ತದೆ. ಆದರೆ ಒಳಮೀಸಲಾತಿ ಇತ್ಯರ್ಥವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತಡೆಹಿಡಿದಿತ್ತು. ಪರೀಕ್ಷೆಯೇ ಇಲ್ಲದ ವರ್ಷ ಓದುವುದು ಯಾವುದಕ್ಕೆ?

ಎರಕದ ಮನೆಯ ರಿಜಿಸ್ಟರ್

ಹುಡುಗಿ ಕೋವಿಡ್ ವರ್ಷದ ಪಿಯುಸಿಯವಳು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಸಿಇಟಿ ಅಂಕವೊಂದನ್ನೇ ಹಿಡಿದು ರ್‍ಯಾಂಕ್ ಕೊಟ್ಟರು. ಕಂಪ್ಯೂಟರ್ ಸೈನ್ಸ್ ಕೈಗೆಟುಕಲಿಲ್ಲ. ಮೆಕ್ಯಾನಿಕಲ್ ಸೀಟು ಸಿಕ್ಕಿತು ಎನ್ನುವುದಕ್ಕಿಂತ ಉಳಿದಿತ್ತು ಎನ್ನುವುದು ಸರಿ. ಮೂರು ವರ್ಷ ಅವಳು ನನ್ನ ಗಮನಕ್ಕೆ ಬಂದವಳಲ್ಲ. ಬ್ಯಾಕ್‌ಲಾಗ್ ಇಲ್ಲ, ರ್‍ಯಾಂಕೂ ಇಲ್ಲ. ಮೂರನೆಯ ಬೆಂಚಿನ ಮೌನದ ಹುಡುಗಿ.

ಗಮನಕ್ಕೆ ಬಂದದ್ದು ಪ್ರಾಜೆಕ್ಟಿನಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ನಾಲ್ಕು ಕಾಗದಗಳಲ್ಲಿ ಯಾವುದೂ ಹೇಳದ ಸಂಗತಿ ಇದರಲ್ಲಿದೆ.

ಮೂರನೆಯ ರೈಲ್ವೆ ಗೇಟ್ ದಾಟಿ ಖಾನಾಪುರ ರಸ್ತೆಗೆ ಬಿದ್ದರೆ ಉದ್ಯಮಬಾಗ್. ಈ ಊರಿನ ಎಂಜಿನಿಯರಿಂಗ್ ಹೆಸರು ಹುಟ್ಟಿದ್ದು ಅಲ್ಲಿನ ಫೌಂಡ್ರಿಗಳಲ್ಲಿ, ಯಂತ್ರಶಾಲೆಗಳಲ್ಲಿ. ಅವಳು ಹೋದ ಫೌಂಡ್ರಿಯಲ್ಲಿ ಪಂಪಿನ ಹೊರಕವಚ ಎರಕವಾಗುತ್ತಿತ್ತು. ಹಸಿಮರಳಿನ ಅಚ್ಚು, ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು. ನೀರು ಸಾಮಾನ್ಯವಾಗಿ ಶೇ 3ರಿಂದ 4ರಷ್ಟಿರಬೇಕು. ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ ಕರಗಿದ ಕಬ್ಬಿಣ ಬಿದ್ದೊಡನೆ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ ಲೋಹದೊಳಗೇ ಗುಳ್ಳೆಯಾಗಿ ನಿಲ್ಲುತ್ತದೆ. ಅದನ್ನು ಅಲ್ಲಿ ಬ್ಲೋಹೋಲ್ ಎನ್ನುತ್ತಾರೆ. ಹೊರಗಿನಿಂದ ಕಾಣುವುದಿಲ್ಲ. ಮಷೀನಿಂಗ್ ಮಾಡಿ, ಖರ್ಚೆಲ್ಲ ಆದ ಮೇಲೆ ಬಾಯಿಬಿಡುತ್ತದೆ.

ಮಳೆಗಾಲ ಬಂತೆಂದರೆ ರಿಜೆಕ್ಷನ್ ಹೆಚ್ಚುತ್ತದೆ, ಬೆಳಗಾವಿಯ ಹವೆಯೇ ಹಾಗೆ ಎಂದು ಫೌಂಡ್ರಿಯವರು ಹೇಳಿದ್ದರು. ನಾನೂ ನಂಬಿದ್ದೆ, ಕೇಳಿದೊಡನೆ ಸರಿಯೆನಿಸುವ ಮಾತು ಅದು. ಅವಳು ಒಂಬತ್ತು ತಿಂಗಳ ರಿಜಿಸ್ಟರ್‌ಗಳನ್ನು ಎದುರಿಗಿಟ್ಟುಕೊಂಡು ಕುಳಿತಳು. ಕೈಬರಹ ಮೂರು ಪಾಳಿಯವರದು, ಮೂರು ಬಗೆಯದು. ಕನ್ನಡ, ಮರಾಠಿ ಎರಡೂ ಬೆರೆತದ್ದು. ತಾರೀಖು, ಪಾಳಿ, ಮರಳಿನ ತೇವಾಂಶ, ಎರೆಯುವಾಗಿನ ಉಷ್ಣತೆ, ತಿರಸ್ಕೃತವಾದವು ಎಷ್ಟು ಎಂಬುದನ್ನೆಲ್ಲ ಎಕ್ಸೆಲ್‌ಗೆ ಏರಿಸಲು ಅವಳಿಗೆ ಐದು ವಾರ ಹಿಡಿಯಿತು. ಆಮೇಲೆ ಎಐ ಚಾಟ್ ಸಾಧನವೊಂದರಿಂದ ಪೈಥಾನ್ ಕೋಡ್ ಬರೆಸಿಕೊಂಡಳು. ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ಮೊದಲು ಬಂದ ನಕ್ಷೆ ಮಳೆಯ ಕಡೆಗೇ ಬೊಟ್ಟು ಮಾಡಿತು. “ಇದು ತಪ್ಪು ಸರ್. ಮೂರೂ ಪಾಳಿ ಸೇರಿಸಿ ಸರಾಸರಿ ತೆಗೆದಿದೆ” ಎಂದು ಅವಳೇ ಹಿಡಿದಳು. ಪಾಳಿ ಬಿಡಿಸಿ, ವಾರದ ದಿನ ಬಿಡಿಸಿ ನೋಡಿದಾಗ ಬೇರೆಯದೇ ಹೊರಬಿತ್ತು: ಮಳೆ ಇರಲಿ ಬಿಡಲಿ, ವಾರದ ರಜೆಯ ಮರುದಿನ ಮೊದಲ ಪಾಳಿಯಲ್ಲಿ ರಿಜೆಕ್ಷನ್ ಏರುತ್ತಿತ್ತು. ರಜೆಯ ದಿನ ಬಿದ್ದಿದ್ದ ಮರಳು ಒಣಗಿರುತ್ತದೆ. ಬೆಳಿಗ್ಗೆ ಬಂದ ಕೆಲಸಗಾರ ಕಣ್ಣಂದಾಜಿನಲ್ಲಿ ನೀರು ಹೊಡೆಯುತ್ತಾನೆ. ತೇವಾಂಶ ಅಳೆಯುವುದು ಪಾಳಿ ಶುರುವಾಗಿ ಒಂದೂವರೆ ಗಂಟೆಯಾದ ಮೇಲೆ.

ಅಲ್ಲಿನ ಮರಳು ಪ್ರಯೋಗಾಲಯದ ಹಿರಿಯರು ನಕ್ಕು, “ನನಗೆ ಇದು ಗೊತ್ತಿತ್ತು. ಸಾಹೇಬರಿಗೆ ತೋರಿಸಲು ಬರುತ್ತಿರಲಿಲ್ಲ” ಎಂದರಂತೆ.

ಕೋಡ್ ಬರೆದದ್ದು ಯಂತ್ರ. ಆದರೆ ಆ ಸರಾಸರಿ ಸುಳ್ಳೆಂದು ಗೊತ್ತಾದದ್ದು, ಅವಳು ಮರಳಿನ ಪಕ್ಕದಲ್ಲಿ ನಿಂತು ಮೂರು ಪಾಳಿಯನ್ನೂ ನೋಡಿದ್ದರಿಂದ. ಅವಳ ಬಯೋಡೇಟಾದಲ್ಲಿ ಈ ಕೆಲಸಕ್ಕೆ ಒಂದೂವರೆ ಸಾಲು. ಅದಕ್ಕಿಂತ ದೊಡ್ಡದಾಗಿ ಎರಡು ದಿನದ ಯಾವುದೋ ಕಾರ್ಯಾಗಾರದ ಪ್ರಮಾಣಪತ್ರವಿತ್ತು! ಅದನ್ನು ತಿದ್ದಬೇಕಾದವನು ನಾನು. ತಿದ್ದಿರಲಿಲ್ಲ.

ಒಬ್ಬರಿಗೆ ಒಂದೇ ಆಫರ್

ನನ್ನ ಇನ್ನೂ ದೊಡ್ಡ ತಪ್ಪು ಬೇರೆ ಇದೆ.

ಅನೇಕ ಕಾಲೇಜುಗಳಲ್ಲಿರುವಂತೆ ನಮ್ಮಲ್ಲಿಯೂ ಒಂದು ನಿಯಮವಿತ್ತು. ಒಬ್ಬ ವಿದ್ಯಾರ್ಥಿಗೆ ಒಂದು ಆಫರ್ ಸಿಕ್ಕರೆ ಮುಂದಿನ ಕ್ಯಾಂಪಸ್ ಆಯ್ಕೆಯ ಡ್ರೈವ್‌ಗಳಿಗೆ ಕುಳಿತುಕೊಳ್ಳುವಂತಿಲ್ಲ. ನಾಲ್ಕೈದು ಜನರೇ ಎಲ್ಲ ಕೆಲಸಗಳನ್ನೂ ಬಾಚಿಕೊಳ್ಳಬಾರದು, ಉಳಿದವರಿಗೂ ಅವಕಾಶ ಸಿಗಲಿ ಎಂಬ ನ್ಯಾಯ ಅದರ ಹಿಂದಿದೆ. ಜೊತೆಗೆ ಇನ್ನೊಂದು ಲೆಕ್ಕವೂ ಇದೆ, ಅದನ್ನು ನಾವು ಗಟ್ಟಿಯಾಗಿ ಹೇಳುವುದಿಲ್ಲ: ಕರಪತ್ರದಲ್ಲಿ ಎಣಿಸುವುದು ಆಫರ್‌ಗಳನ್ನು, ಕೆಲಸಕ್ಕೆ ಹೋದವರನ್ನಲ್ಲ.

2025ರ ಫೆಬ್ರುವರಿಯಲ್ಲಿ ನಿಖರ ಯಂತ್ರಭಾಗಗಳ ಒಂದು ಒಳ್ಳೆಯ ಕಂಪನಿ ನಮ್ಮಲ್ಲಿಗೆ ಬಂದಿತ್ತು. ಕಾಯಂ ಹುದ್ದೆ, ವಿನ್ಯಾಸ ಮತ್ತು ಗುಣಮಟ್ಟ ವಿಭಾಗಕ್ಕೆ. ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ನಾನೂ ಕುಳಿತುಕೊಳ್ಳಲೇ? ಅವರು ಇನ್ನೂ ತಾರೀಖು ಕೊಟ್ಟಿಲ್ಲ” ಎಂದಿದ್ದಳು. ನಿನಗೆ ಆಗಿದೆಯಲ್ಲ, ಬೇರೆಯವರಿಗೆ ಬಿಡು ಎಂದು ನಾನು ಅಂದೆ. ತಲೆಯೆತ್ತಿ ನೋಡದೆಯೇ ಅಂದಿರಬೇಕು. ಅವಳ ಮುಖ ಆಗ ಹೇಗಿತ್ತೆಂದು ನೆನಪಿಲ್ಲ. ಆ ದಿನ ಆಯ್ಕೆಯಾದ ಇಬ್ಬರಲ್ಲಿ ಒಬ್ಬ ಅವಳ ಪ್ರಾಜೆಕ್ಟ್ ತಂಡದವನೇ. ಸಂದರ್ಶನದಲ್ಲಿ ಅವನು ಮಾತನಾಡಿದ್ದು ಅದೇ ರಜೆಯ ಮರುದಿನದ ಮರಳಿನ ಬಗ್ಗೆ.

ಅಂದರೆ ಆಗಸ್ಟ್‌ನಲ್ಲಿ ಮೇಜಿನ ಮೇಲೆ ಇರಬೇಕಾಗಿದ್ದ ಐದನೆಯ ಕಾಗದವನ್ನು ನಾನೇ ಇಲ್ಲದಂತೆ ಮಾಡಿದ್ದೆ.

ಆ ವಾರ ಪೇಟೆಯ ಹವೆ

ತಂದೆ ಆತಂಕದಿಂದ ಓಡಿಬಂದದ್ದಕ್ಕೆ ಒಂದು ಸುದ್ದಿ ಕಾರಣ. ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತ್ತು. ಅದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರ ವಿಷಯ. ಆದರೆ ಹಳ್ಳಿಯ ಟಿವಿಯಲ್ಲಿ ಕಂಡದ್ದು ಹನ್ನೆರಡು ಸಾವಿರ ಎಂಬ ಅಂಕಿ ಮಾತ್ರ. ಮಗಳದು ಬೇರೆ ಕಂಪನಿ ಎಂದರೂ ತಂದೆಗೆ ಸಮಾಧಾನವಾಗಲಿಲ್ಲ.

ಅವರ ಭಯ ಬುಡವಿಲ್ಲದ್ದೇನೂ ಅಲ್ಲ. ನಮ್ಮ ಐಟಿ ಸೇವಾ ಕಂಪನಿಗಳು ಬೆಳೆದದ್ದು ಗೋಪುರದ ಆಕಾರದಲ್ಲಿ. ಬುಡದಲ್ಲಿ ಸಾವಿರಾರು ಹೊಸಬರು, ಮೇಲೆ ಹೋದಂತೆ ಕಡಿಮೆ ಜನ. ಗ್ರಾಹಕನಿಗೆ ಬಿಲ್ ಹೋಗುತ್ತಿದ್ದುದು ತಲೆಯೆಣಿಕೆಯ ಮೇಲೆ. ಹೊಸಬರಿಗೆ ಮೊದಲ ವರ್ಷ ಕೊಡುವ ಕೆಲಸ ಎಂದರೆ ಸಣ್ಣ ದೋಷ ತಿದ್ದುವುದು, ಪರೀಕ್ಷೆ ನಡೆಸುವುದು, ವರದಿ ಸಿದ್ಧಪಡಿಸುವುದು. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಸಾಧನಗಳು ಮೊದಲು ಕೈಹಾಕಿದ್ದು ಈ ಕೆಲಸಗಳಿಗೇ. ಬುಡದ ಕಲ್ಲುಗಳು ಎಷ್ಟು ಬೇಕು ಎಂದು ಕಂಪನಿಗಳು ಮತ್ತೆ ಎಣಿಸುತ್ತಿರುವಾಗ ತಾರೀಖು ಮುಂದೆ ಹೋಗುತ್ತದೆ. ಹೊಸಬರ ಸಂಬಳ ದಶಕದಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕುಳಿತಿರುವುದನ್ನು ನೋಡಿದರೂ ಸಾಕು, ಇವರಿಗಾಗಿ ಪೈಪೋಟಿ ಇಲ್ಲವೆಂದು ಅರ್ಥವಾಗುತ್ತದೆ. ಇತ್ತ 2024–25ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಒಂದೊಂದು ಶಾಖೆಗಿದ್ದ ಸೀಟಿನ ಮಿತಿಯನ್ನು ತೆಗೆದಿದೆ. ಸೌಲಭ್ಯ ತೋರಿಸಿದ ಕಾಲೇಜು ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಳ್ಳಬಹುದು. ಬೇಡಿಕೆ ತಡವರಿಸುತ್ತಿರುವಾಗ ಬಿತ್ತನೆ ಹೆಚ್ಚಿಸಿದ ಹಾಗೆ. ಕಬ್ಬಿನ ಹೋಲಿಕೆ ಕೊಟ್ಟು ಹೇಳಿದಾಗ ತಂದೆ ತಕ್ಷಣ ತಲೆಯಾಡಿಸಿದರು.

ಹಾಗೆಂದು ಕಬ್ಬಿಣದ ಕೆಲಸ ಭದ್ರ ಎನ್ನುವಂತೆಯೂ ಇರಲಿಲ್ಲ. ಭಾರತದ ಸರಕಿನ ಮೇಲೆ ಅಮೆರಿಕ ಶೇ 25ರ ಸುಂಕ ಘೋಷಿಸಿದ್ದು ಅದೇ ವಾರದ ಹಿಂದುಮುಂದು. ಆಗಸ್ಟ್ 27ರಿಂದ ಅದು ಶೇ 50 ಆಯಿತು. ಉದ್ಯಮಬಾಗ್‌ನ ಎರಕ ನೇರವಾಗಿ ಹಡಗು ಹತ್ತದಿದ್ದರೂ, ಅದನ್ನು ಕೊಳ್ಳುವವರ ಪಂಪು, ಗೇರ್‌ಬಾಕ್ಸ್ ಹತ್ತುತ್ತದೆ. “ಐಟಿಯೋ, ಕೋರೋ?” (ಕೋರ್ ಎಂದರೆ ಓದಿದ ಶಾಖೆಯದೇ ಕೆಲಸ) ಎಂದು ನಮ್ಮ ಹುಡುಗರು ಕೇಳುವ ಪ್ರಶ್ನೆ ಆ ವಾರ ನನಗೆ ಪೂರ್ತಿ ಸವಕಲಾಗಿ ಕಂಡಿತು. ಎರಡೂ ಕಡೆ ನೆಲ ಅಲುಗುತ್ತಿತ್ತು.

ಕಾಯಲು ಎಷ್ಟು ತಿಂಗಳಿವೆ?

ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆ ಬೇರೆ: ನಿಮಗೆ ಎಷ್ಟು ತಿಂಗಳು ಕಾಯಲು ಆಗುತ್ತದೆ?

ತಂದೆ ಶಿಕ್ಷಣ ಸಾಲ ಮಾಡಿದ್ದರು. ವರ್ಷಕ್ಕೆ 75,000ದಂತೆ ನಾಲ್ಕು ವರ್ಷಕ್ಕೆ ಮೂರು ಲಕ್ಷ. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಅಂದರೆ 2026ರ ಬೇಸಿಗೆ ಕಳೆಯುವವರೆಗೆ ಸಮಯವಿದೆ. ಕಂತಿಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದೇ ಅವರು ತಿಳಿದಿದ್ದರು. ಹಾಳೆ ತೆಗೆದು ಬರೆದು ತೋರಿಸಿದೆ. ಬಡ್ಡಿ ಶೇ 10 ಎಂದು ಹಿಡಿದರೆ ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 1,05,000. ಕಂತು ಶುರುವಾಗುವಾಗ ಸಾಲ ಮೂರು ಲಕ್ಷವಲ್ಲ, ನಾಲ್ಕು ಲಕ್ಷ ಐದು ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 5,350 ರೂಪಾಯಿ.

ತಂದೆ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕಬ್ಬಿನ ಕಾರ್ಖಾನೆಯ ಲೆಕ್ಕ ಬಾಯಿಪಾಠವಿದ್ದ ಮನುಷ್ಯ, ಬ್ಯಾಂಕಿನ ಲೆಕ್ಕವನ್ನು ಯಾರೂ ಹೇಳಿರಲಿಲ್ಲ.

ಈ ಒಂದು ಹಾಳೆ ಕೆಲವು ದಾರಿಗಳನ್ನು ತಾನಾಗಿ ಮುಚ್ಚಿತು. ಧಾರವಾಡದ ಕೋಣೆ ಹೋಯಿತು. ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆದರೆ ಈಗ ಓದಿಗೆ ಕುಳಿತರೆ ಮುಂದಿನ ಬೇಸಿಗೆಯವರೆಗೆ ಬಿಡಿಗಾಸು ಇಲ್ಲ, ಕೆಲಸದ ಜೊತೆಗೆ ಓದುವುದಾದರೆ ಓದಲಿ ಎಂದು ಬಿಟ್ಟೆವು. ಯುವನಿಧಿಯ ಮೂರು ಸಾವಿರ ಬರುತ್ತದಲ್ಲ ಎಂದು ತಂದೆ ನೆನಪಿಸಿದರು. ಅದಕ್ಕೆ ಫಲಿತಾಂಶ ಬಂದು 180 ದಿನ ಕೆಲಸವಿಲ್ಲದೆ ಕಳೆಯಬೇಕು. ಮಗಳು ಆರು ತಿಂಗಳು ಖಾಲಿ ಕೂರಲಿ ಎಂಬ ಯೋಜನೆ ಅವರಿಗೂ ಹಿಡಿಸಲಿಲ್ಲ.

ತಂದೆ ಚಹಾ ಕುಡಿಯಲು ಕ್ಯಾಂಟೀನಿಗೆ ಹೋದಾಗ ಹುಡುಗಿ ಇನ್ನೊಂದು ಲೆಕ್ಕ ಹೇಳಿದಳು. ಅದನ್ನು ನಾನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. “ಸರ್, ನಾನು ಮನೆಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಕೂತರೆ ದೀಪಾವಳಿಗೆ ಗಂಡಿನ ಕಡೆಯವರು ಬರುತ್ತಾರೆ. ಕೆಲಸ ಎಲ್ಲಿ ಎಂದು ಕೇಳಿದರೆ ಹೇಳಲು ಊರಿನ ಹೆಸರು ಬೇಕು.” ತಾರೀಖಿಲ್ಲದ ಆಫರ್ ಲೆಟರ್ ಹಿಡಿದು ಹುಡುಗ ಕಾದರೆ ಅವನು ಕೆಲಸ ಹುಡುಕುತ್ತಿದ್ದಾನೆ, ಹುಡುಗಿ ಕಾದರೆ ಮನೆಯಲ್ಲಿದ್ದಾಳೆ. ಏಳು ವರ್ಷ ಈ ಹೊರೆ ಹೊತ್ತ ನನಗೆ ಇದು ಆ ಮಧ್ಯಾಹ್ನ ಹೊಳೆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪಕ್ಕದಲ್ಲಿ ಯಾರಿರುತ್ತಾರೆ

ನನ್ನ ಸಲಹೆ ಫೌಂಡ್ರಿಯಾಗಿತ್ತು. ನಾಲ್ಕು ಸಾವಿರ ಹೆಚ್ಚು, ಊರು ಬದಲಿಸಬೇಕಿಲ್ಲ, ಮಾಲೀಕರಿಗೆ ಅವಳ ಕೆಲಸ ಗೊತ್ತು. ಇದಕ್ಕಿಂತ ಸರಳವಾದ ಆಯ್ಕೆ ಇಲ್ಲವೆಂದುಕೊಂಡೆ. ಅವಳು ಒಪ್ಪಲಿಲ್ಲ. ಎರಡು ದಿನ ಸಮಯ ಕೇಳಿ, ಫೌಂಡ್ರಿಗೂ ಹತ್ತರಗಿಗೂ ಸ್ವತಃ ಹೋಗಿ ಬಂದಳು. ಸಂಬಳ, ರಜೆ ಕೇಳಲಿಲ್ಲವಂತೆ. “ಮೊದಲ ಮೂರು ತಿಂಗಳು ನಾನು ಯಾರ ಪಕ್ಕದಲ್ಲಿ ಕೆಲಸ ಮಾಡುತ್ತೇನೆ?” ಎಂದು ಎರಡೂ ಕಡೆ ಕೇಳಿದಳಂತೆ.

ಫೌಂಡ್ರಿಯಲ್ಲಿ ಸಿಕ್ಕ ಉತ್ತರ: ಕಚೇರಿಯಲ್ಲಿ, ಗ್ರಾಹಕರಿಗೆ ಕಳಿಸುವ ಕಾಗದಪತ್ರ ಸಿದ್ಧಪಡಿಸುವುದು. ಅವಳಿಗೆ ಎಕ್ಸೆಲ್ ಚೆನ್ನಾಗಿ ಬರುತ್ತದಲ್ಲವೇ! ಮರಳು ಪ್ರಯೋಗಾಲಯದ ಆ ಹಿರಿಯರು, ಅವಳಿಗೆ ನಿಜವಾಗಿ ಕಲಿಸಿದ್ದ ಒಬ್ಬರೇ ಒಬ್ಬರು, ಡಿಸೆಂಬರ್‌ನಲ್ಲಿ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಯಾರೆಂದು ಯೋಚಿಸಿರಲಿಲ್ಲ. ಇನ್ನೊಂದು ಸಂಗತಿಯನ್ನು ಅವಳು ಹೇಳಲೋ ಬೇಡವೋ ಎಂಬಂತೆ ಹೇಳಿದಳು: ಎರಕದ ಮನೆಯ ಕಡೆ ಹೆಂಗಸರಿಗೆ ಶೌಚಾಲಯವಿಲ್ಲ. ಪ್ರಾಜೆಕ್ಟಿನ ಐದು ತಿಂಗಳು ಅವಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕಳೆದಿದ್ದಳು. ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಪಾಳಿಯಲ್ಲೂ ದುಡಿಯಬಹುದೆಂದು ಕರ್ನಾಟಕ 2019ರ ನವೆಂಬರ್‌ನಲ್ಲೇ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿದೆ. ಆದೇಶ ಬಂದು ಆರು ವರ್ಷವಾಗುತ್ತ ಬಂದಿದ್ದರೂ ಆ ಅಂಗಳದಲ್ಲಿ ಒಂದು ಬಾಗಿಲು ಕಟ್ಟಿಸಿರಲಿಲ್ಲ.

ಹತ್ತರಗಿಯಲ್ಲಿ ಅವಳನ್ನು ಒಂದು ಯಂತ್ರದ ಮುಂದೆ ಕರೆದುಕೊಂಡು ಹೋಗಿ ಒಬ್ಬರನ್ನು ಪರಿಚಯಿಸಿದರು. ಸಿಎಂಎಂ, ಅಂದರೆ ಭಾಗದ ಮೇಲ್ಮೈಯನ್ನು ಸಣ್ಣ ಮಣಿಯೊಂದರಿಂದ ಮುಟ್ಟಿ ಮುಟ್ಟಿ ಮೈಕ್ರಾನ್ ಮಟ್ಟದಲ್ಲಿ ಅಳೆಯುವ ಯಂತ್ರ. ವಿಮಾನದ ಹೊಸ ಭಾಗವೊಂದನ್ನು ಮೊದಲ ಸಲ ತಯಾರಿಸಿದಾಗ ನಕ್ಷೆಯಲ್ಲಿರುವ ಪ್ರತಿ ಅಳತೆಯನ್ನೂ ಒಂದೊಂದಾಗಿ ಪರಿಶೀಲಿಸಿ ದಾಖಲಿಸಬೇಕು. ಅದನ್ನು ಅವರು ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಒಂದು ಭಾಗಕ್ಕೆ ನೂರಾರು ಅಳತೆ. ಅಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುವ ಡಿಪ್ಲೊಮಾ ಓದಿದ ಮಹಿಳೆಯೊಬ್ಬರ ಪಕ್ಕದಲ್ಲಿ ಅವಳು ಕುಳಿತುಕೊಳ್ಳುತ್ತಾಳೆ ಎಂದರು.

“ಅವರು ನನಗೆ ಒಂದು ಭಾಗ ಕೊಟ್ಟು, ಇದರಲ್ಲಿ ತಪ್ಪೆಲ್ಲಿದೆ ಹೇಳು ಎಂದರು ಸರ್. ನನಗೆ ಗೊತ್ತಾಗಲಿಲ್ಲ. ಅವರೂ ಹೇಳಲಿಲ್ಲ. ಸೇರಿಕೋ, ಆಮೇಲೆ ಹೇಳುತ್ತೇನೆ ಎಂದರು.”

ಸೆಪ್ಟೆಂಬರ್ 1ಕ್ಕೆ ಅಲ್ಲಿ ಸೇರಿದಳು. ಸಂಕೇಶ್ವರದಲ್ಲಿ ಮೂವರು ಸೇರಿ ಒಂದು ಕೋಣೆ. ಕಂಪನಿಯ ಬಸ್ಸಿದೆ. ಹನ್ನೆರಡು ಸಾವಿರದಲ್ಲಿ ತಿಂಗಳಿಗೆ ಒಂದು ಸಾವಿರ ಸಾಲದ ಬಡ್ಡಿಗೆ ಕಟ್ಟಲು ಶುರುಮಾಡಿದಳು. ಇದು ನನ್ನ ಆ ಹಾಳೆಯಿಂದಾದ ಒಂದೇ ಉಪಯೋಗ. ಸುಂಕ ಏರಿದ ಮೇಲೆ ಅದೇ ತಿಂಗಳು ಫೌಂಡ್ರಿ ರಾತ್ರಿ ಪಾಳಿ ನಿಲ್ಲಿಸಿತು; ಹೊಸಬರ ಸೇರ್ಪಡೆಯೂ ನಿಂತಿತು. ಇದನ್ನು ಅವಳ ದೂರದೃಷ್ಟಿ ಎಂದು ಬರೆಯುವ ಆಸೆಯಾಗುತ್ತದೆ, ಆದರೆ ಅದು ಬರೀ ಅದೃಷ್ಟ. ಸುಂಕದ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ.

ನವೆಂಬರ್

ನವೆಂಬರ್ ಮೊದಲ ವಾರ ಐಟಿ ಕಂಪನಿಯ ಮೇಲ್ ಬಂತು. ತಾರೀಖು ಕೊನೆಗೂ ಇತ್ತು: ಹದಿನೆಂಟು ದಿನದೊಳಗೆ ತರಬೇತಿಗೆ ಹಾಜರಾಗಬೇಕು.

ತಂದೆ ಆಗ ಗುರ್ಲಾಪುರ ಕ್ರಾಸಿನಲ್ಲಿದ್ದರು. ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯಲ್ಲಿ ಕುಳಿತಿದ್ದ ದಿನಗಳು ಅವು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಮೈಕಿನ ಗದ್ದಲದ ನಡುವೆ ಅವರು ನನಗೆ ಫೋನ್ ಮಾಡಿದರು. “ಸರ್, ತಾರೀಖು ಬಂದಿದೆ. ಅವಳು ಹೋಗುವುದಿಲ್ಲ ಎನ್ನುತ್ತಿದ್ದಾಳೆ. ನೀವು ಹೇಳಿದರೆ ಕೇಳುತ್ತಾಳೆ.”

ನಾನು ಹೇಳಿದೆ. ಹೋಗು ಎಂದೇ ಹೇಳಿದೆ. ಕೈಗೆ ಬರುವುದು ಸುಮಾರು ಇಪ್ಪತ್ತನಾಲ್ಕು ಸಾವಿರ, ಈಗಿನದರ ಎರಡು ಪಟ್ಟು. ಅಪ್ರೆಂಟಿಸ್ ಅವಧಿ ಮುಗಿಯುವುದಕ್ಕೂ ಸಾಲದ ಕಂತು ಶುರುವಾಗುವುದಕ್ಕೂ ಹೆಚ್ಚು ಅಂತರವಿಲ್ಲ. ಮುಗಿದ ಮೇಲೆ ಹತ್ತರಗಿಯವರು ಉಳಿಸಿಕೊಳ್ಳುತ್ತಾರೆಂಬ ಬರಹದ ಭರವಸೆಯೂ ಇಲ್ಲ. ಈ ಸಲಹೆ ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆ.

ಅವಳು ಕಂಪನಿಗೆ ಎರಡು ಪ್ರಶ್ನೆ ಬರೆದು ಕಳಿಸಿದಳು. ತರಬೇತಿಯ ನಂತರ ಯಾವ ಬಗೆಯ ಕೆಲಸ? ಆಗಸ್ಟ್‌ವರೆಗೆ ಸೇರ್ಪಡೆ ಮುಂದೂಡಬಹುದೇ? ಮೊದಲನೆಯದಕ್ಕೆ “ವ್ಯವಹಾರದ ಅಗತ್ಯಕ್ಕೆ ತಕ್ಕಂತೆ” ಎಂಬ ಉತ್ತರ ಬಂತು. ಎರಡನೆಯದಕ್ಕೆ ಉತ್ತರವಿಲ್ಲ, ಮೊದಲಿನ ಮೇಲ್ ಮತ್ತೊಮ್ಮೆ ಬಂತು. ಅವರು ಹನ್ನೊಂದು ತಿಂಗಳು ಕಾಯಿಸಿ ಆಮೇಲೂ ಮೂರು ತಿಂಗಳು ಸುಮ್ಮನಿದ್ದವರು. ಅವಳು ಕೇಳಿದ ಒಂಬತ್ತು ತಿಂಗಳಿಗೆ ಒಂದು ಸಾಲು ಬರೆಯಲಿಲ್ಲ.

ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: “ಅಲ್ಲಿ ಏನು ಮಾಡಬೇಕಾಗುತ್ತದೆ ಎಂದು ಅವರಿಗೇ ಗೊತ್ತಿಲ್ಲ ಸರ್. ಇಲ್ಲಿ ಅಕ್ಕ ನನಗೆ ಆ ಭಾಗದ ತಪ್ಪನ್ನು ಇನ್ನೂ ಹೇಳಿಲ್ಲ. ಆದರೆ ಮೊನ್ನೆ ಬೇರೆ ಒಂದರಲ್ಲಿ ನಾನೇ ಹಿಡಿದೆ.” ತಾರೀಖು ಬಂದು ಹೋಯಿತು. ತಂದೆ ಎರಡು ವಾರ ಅವಳ ಜೊತೆ ಮಾತನಾಡಲಿಲ್ಲ. ನನ್ನ ಮೇಲೂ ಸ್ವಲ್ಪ ಸಿಟ್ಟಿದೆ ಎಂದು ಕಾಣುತ್ತದೆ. ಮೊದಲು ಫೋನ್ ತಾವೇ ಮಾಡುತ್ತಿದ್ದವರು ಈಗ ಮಾಡುವುದಿಲ್ಲ.

ಅಳತೆಯ ಯಂತ್ರದಿಂದ ಬರುವ ಅಂಕಿಗಳನ್ನು ದಿನಗಟ್ಟಲೆ ಕೈಯಿಂದ ಇನ್ನೊಂದು ನಮೂನೆಗೆ ನಕಲು ಮಾಡುತ್ತಿದ್ದುದನ್ನು ಅವಳು ಹಳೆಯ ಪೈಥಾನ್ ಕೋಡಿನಿಂದ ಒಂದೇ ಗಂಟೆಯ ಕೆಲಸ ಮಾಡಿದ್ದಾಳೆ. ಮೇಲಿನವರು ಅದನ್ನು ಗಮನಿಸಿದ್ದಾರೆ. ಗಮನಿಸಿದ್ದಾರೆ ಎಂಬುದಷ್ಟೇ, ಅದರಿಂದ ಆಗಸ್ಟ್ ನಂತರ ಏನಾಗುತ್ತದೆ ಎಂದು ಈಗ ಹೇಳುವಂತಿಲ್ಲ.

ನನ್ನ ಕಡೆಯಿಂದ ಆದದ್ದು ಸ್ವಲ್ಪ. ಒಬ್ಬರಿಗೆ ಒಂದೇ ಆಫರ್ ಎಂಬ ನಿಯಮವನ್ನು ತೆಗೆಯಬೇಕೆಂದು ಪ್ಲೇಸ್‌ಮೆಂಟ್ ಸಮಿತಿಯಲ್ಲಿ ಕೇಳಿದೆ. ಪೂರ್ತಿ ತೆಗೆಯಲಿಲ್ಲ. ಹಾಜರಾಗುವ ತಾರೀಖು ಬರೆದಿಲ್ಲದ ಆಫರನ್ನು ಆಫರ್ ಎಂದು ಎಣಿಸಬಾರದು, ಅಂಥವರು ಮುಂದಿನ ಡ್ರೈವ್‌ಗೆ ಕೂರಬಹುದು ಎಂದು ಸಡಿಲಿಸಿದರು. ಅದಕ್ಕಾಗಿ ನಮ್ಮ ರಿಜಿಸ್ಟರ್‌ನಲ್ಲಿ ಕಂಪನಿ, ಹುದ್ದೆ, ಪ್ಯಾಕೇಜ್ ಆದ ಮೇಲೆ ‘ತಾರೀಖು’ ಎಂಬ ಹೊಸ ಅಂಕಣ ಗೆರೆ ಹಾಕಿದ್ದೇನೆ. ಈ ವರ್ಷದ ಎರಡು ಪುಟ ತುಂಬಿವೆ. ಪ್ಯಾಕೇಜಿನ ಅಂಕಣದಲ್ಲಿ ಒಂದು ಮನೆಯೂ ಖಾಲಿಯಿಲ್ಲ. ತಾರೀಖಿನದರಲ್ಲಿ ಬರೆದಿರುವುದನ್ನು ಬೆರಳಿನಲ್ಲಿ ಎಣಿಸಬಹುದು.